ಬಾಯಿಯ ಫಂಗಸ್‌ಗೆ ಹನಿ, ಜೆಲ್, ಮಾತ್ರೆ: ಯಾರಿಗೆ ಯಾವುದು ಹೊಂದುತ್ತದೆ?

ನಾಲಿಗೆ ಮೇಲೆ, ಕೆನ್ನೆಯ ಒಳಗೆ ಬಿಳಿ ಪದರ ಕಂಡಾಗ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಯಾವ ಔಷಧ ಜಾಸ್ತಿ ಸ್ಟ್ರಾಂಗ್? ಈ ಪ್ರಶ್ನೆ ಹಿಡಿದು ಹೊರಟರೆ ಆಯ್ಕೆ ದಾರಿ ತಪ್ಪುತ್ತದೆ. ಬಾಯಿಯ ಫಂಗಸ್‌ಗೆ ಕೊಡುವ ಔಷಧಗಳೆಲ್ಲ ತಮ್ಮ ತಮ್ಮ ರೀತಿಯಲ್ಲಿ ಕೆಲಸ ಮಾಡುವಂಥವೇ. ವ್ಯತ್ಯಾಸ ಇರುವುದು ಬೇರೆ ಕಡೆ. ಫಂಗಸ್ ಇರುವ ಜಾಗದಲ್ಲಿ ಔಷಧ ಎಷ್ಟು ಹೊತ್ತು ನಿಲ್ಲುತ್ತದೆ? ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳಬೇಕು? ನೀವು ಈಗಾಗಲೇ ನುಂಗುತ್ತಿರುವ ಬೇರೆ ಮಾತ್ರೆಗಳ ಜೊತೆ ಅದಕ್ಕೆ ಜಗಳ ಇದೆಯೇ? ಫಂಗಸ್ ಬೆಳೆಯಲು ಕಾರಣವಾದದ್ದು ಇನ್ನೂ ಹಾಗೇ ಉಳಿದಿದೆಯೇ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದ ಹಾಗೆ.

ಕೊನೆಯ ಪ್ರಶ್ನೆಯನ್ನು ಜನ ಬಿಟ್ಟೇಬಿಡುತ್ತಾರೆ. ಆದರೆ ನನ್ನ ಪ್ರಕಾರ ಅದೇ ಮುಖ್ಯ. ಬಾಯಿಯ ಫಂಗಸ್‌ಗೆ ಹೆಚ್ಚಾಗಿ ಕಾರಣ ಕ್ಯಾಂಡಿಡಾ ಎಂಬ ಯೀಸ್ಟ್, ಅದರಲ್ಲೂ ಕ್ಯಾಂಡಿಡಾ ಆಲ್ಬಿಕನ್ಸ್. ಇದು ಹೊರಗಿನಿಂದ ದಿಢೀರ್ ಬಂದ ಶತ್ರುವಲ್ಲ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ ಇದು ಸುಮ್ಮನೆ ಇದ್ದುಕೊಂಡಿರುತ್ತದೆ. ಜೊಲ್ಲು, ಬಾಯಲ್ಲಿರುವ ಬ್ಯಾಕ್ಟೀರಿಯಾ ಮತ್ತು ದೇಹದ ರೋಗ ನಿರೋಧಕ ಶಕ್ತಿ ಸೇರಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಅದು ಹಬ್ಬುತ್ತದೆ. ಆಂಟಿಬಯಾಟಿಕ್ ಕೋರ್ಸ್, ಹತೋಟಿಗೆ ಬರದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಇರುವ ಇನ್‌ಹೇಲರ್, ಬಾಯಿ ಒಣಗಿಸುವ ಮಾತ್ರೆಗಳು, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್, ಧೂಮಪಾನ, ಕಬ್ಬಿಣಾಂಶ ಅಥವಾ ಬಿ12 ಕೊರತೆ, ಕೀಮೋಥೆರಪಿ, ತಲೆ ಕುತ್ತಿಗೆಯ ರೇಡಿಯೇಷನ್, ಎಚ್‌ಐವಿ. ಯಾವ ಔಷಧ ಹಾಕಿದರೂ ಕಾರಣ ಹಾಗೇ ಉಳಿದರೆ ಕೆಲವೇ ವಾರಗಳಲ್ಲಿ ಫಂಗಸ್ ಮತ್ತೆ ಹಾಜರ್.

ಇದು ಫಂಗಸ್ಸೇ ಹೌದಾ?

ಔಷಧ ಹೋಲಿಸುವ ಮೊದಲು ಇದೊಂದು ಖಾತ್ರಿ ಆಗಬೇಕು. ಬಾಯಲ್ಲಿ ಬಿಳಿಯಾಗಿ ಕಂಡದ್ದೆಲ್ಲ ಫಂಗಸ್ ಅಲ್ಲ, ಫಂಗಸ್ ಎಲ್ಲವೂ ಬಿಳಿಯಾಗಿಯೂ ಇರುವುದಿಲ್ಲ.

ಎಲ್ಲರಿಗೂ ಗೊತ್ತಿರುವ ರೂಪ ಥ್ರಷ್. ಹಾಲಿನ ಕೆನೆಯಂಥ ಬಿಳಿ ಪದರ. ಗಾಜ್ ಬಟ್ಟೆಯಿಂದ ಒರೆಸಿದರೆ ಎದ್ದು ಬರುತ್ತದೆ, ಕೆಳಗೆ ಕೆಂಪಾಗಿರುತ್ತದೆ, ಕೆಲವು ಸಲ ಸ್ವಲ್ಪ ರಕ್ತವೂ ಜಿನುಗುತ್ತದೆ. ಎರಡನೆಯದು ಕೆಂಪು ರೂಪ. ಇದರಲ್ಲಿ ಬಿಳಿ ಏನೂ ಇರುವುದಿಲ್ಲ. ನಾಲಿಗೆ ಬೋಳಾಗಿ ಉರಿಯುತ್ತದೆ, ಅಥವಾ ಹಲ್ಲಿನ ಸೆಟ್ ಕೂರುವ ಅಂಗುಳ ಸೆಟ್‌ನ ಅಚ್ಚಿನಂತೆಯೇ ಕೆಂಪಾಗಿರುತ್ತದೆ. ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ನಾಲಿಗೆ ಉರಿ ಶುರುವಾದರೆ ಈ ರೂಪದ ಬಗ್ಗೆ ಯೋಚಿಸಬೇಕು. ಬಿಳಿ ಕಾಣದ ಕಾರಣ ತುಂಬಾ ಜನ ಇದನ್ನು ಖಾರದ ತೊಂದರೆ ಅಂದುಕೊಂಡು ತಿಂಗಳುಗಟ್ಟಲೆ ಸಹಿಸುತ್ತಾರೆ. ಮೂರನೆಯದು ಕಟವಾಯಿ ಒಡೆಯುವುದು. ತುಟಿಯ ಎರಡೂ ಮೂಲೆಗಳಲ್ಲಿ ಬಿರುಕು, ಕೆಂಪು, ಬಾಯಿ ತೆರೆದರೆ ನೋವು.

ನಾಲ್ಕನೆಯದರ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಕೆನ್ನೆಯ ಒಳಗೆ, ತುಟಿಯ ಮೂಲೆಯ ಹಿಂದೆ, ಒರೆಸಿದರೂ ಬಾರದ ದಪ್ಪ ಬಿಳಿ ತೇಪೆ. ಇದು ಗಟ್ಟಿಯಾಗಿ ಬೆಳೆದ ಕ್ಯಾಂಡಿಡಾ ಆಗಿರಬಹುದು, ಕ್ಯಾನ್ಸರ್‌ಗೆ ಮುಂಚಿನ ಲ್ಯೂಕೋಪ್ಲೇಕಿಯಾ ಆಗಿರಬಹುದು, ಎರಡೂ ಒಟ್ಟಿಗೇ ಇರಬಹುದು. ಧೂಮಪಾನ ಮಾಡುವವರಲ್ಲಿ ಜಾಸ್ತಿ. ಕಣ್ಣಿನಿಂದ ನೋಡಿ ಇದನ್ನು ಬೇರ್ಪಡಿಸಲು ಆಗುವುದಿಲ್ಲ, ಬಯಾಪ್ಸಿ ಬೇಕು. ಇಂಥ ತೇಪೆಗೆ ಮನೆಯಲ್ಲೇ ಜೆಲ್ ಹಚ್ಚುತ್ತಾ ಕೂರುವುದು ಆಯ್ಕೆಯೇ ಅಲ್ಲ. ಮೂರು ವಾರಕ್ಕಿಂತ ಹೆಚ್ಚು ಇರುವ ಯಾವುದೇ ಬಿಳಿ, ಕೆಂಪು ತೇಪೆಯನ್ನು ದಂತವೈದ್ಯರಿಗೆ ತೋರಿಸಲೇಬೇಕು.

ಇನ್ನೊಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇದ್ದು ಅಂಗುಳ ಕಪ್ಪಾಗುವುದು, ಮುಖದ ಒಂದು ಕಡೆ ನೋವು ಅಥವಾ ಮರಗಟ್ಟುವುದು, ಹಲ್ಲುಗಳು ಇದ್ದಕ್ಕಿದ್ದಂತೆ ಅಲುಗಾಡುವುದು ಕಂಡರೆ ಅದು ಕ್ಯಾಂಡಿಡಾ ಅಲ್ಲ, ಮ್ಯೂಕರ್ ಜಾತಿಯ ಫಂಗಸ್ ಇರಬಹುದು. ಅದಕ್ಕೆ ರಕ್ತನಾಳಕ್ಕೆ ಕೊಡುವ ಆಂಫೊಟೆರಿಸಿನ್ ಬಿ ಮತ್ತು ಆಪರೇಷನ್ ಬೇಕು, ಅದೂ ತಡ ಮಾಡದೆ. ಈ ಲೇಖನದ ಹನಿ, ಜೆಲ್, ಫ್ಲುಕೊನಜೋಲ್ ಮಾತ್ರೆ ಯಾವುದೂ ಅಲ್ಲಿ ಉಪಯೋಗಕ್ಕಿಲ್ಲ. ನೇರ ಆಸ್ಪತ್ರೆಗೆ ಹೋಗಬೇಕು.

ಬಾಯಲ್ಲಿ ಹಚ್ಚುವುದಾ, ನುಂಗುವುದಾ?

ಮೊದಲ ಕವಲು ಇದು. ಒಂದು ಕಡೆ ಬಾಯಲ್ಲೇ ಉಳಿದು ಕೆಲಸ ಮಾಡುವ ಔಷಧಗಳು: ನಿಸ್ಟಾಟಿನ್ ಹನಿ, ಮೈಕೊನಜೋಲ್ ಜೆಲ್, ಕ್ಲೋಟ್ರಿಮಜೋಲ್ ಚೀಪುವ ಮಾತ್ರೆ, ಒಸಡಿಗೆ ಅಂಟಿಸುವ ಮೈಕೊನಜೋಲ್ ಮಾತ್ರೆ. ಇನ್ನೊಂದು ಕಡೆ ನುಂಗಿ ರಕ್ತದ ಮೂಲಕ ಬಾಯಿಗೆ ಬರುವ ಔಷಧಗಳು: ಮುಖ್ಯವಾಗಿ ಫ್ಲುಕೊನಜೋಲ್, ಅದು ಸೋತರೆ ಇಟ್ರಾಕೊನಜೋಲ್, ಪೊಸಕೊನಜೋಲ್.

ರೋಗ ಸೌಮ್ಯವಾಗಿದ್ದು, ಬಾಯಿಗೆ ಮಾತ್ರ ಸೀಮಿತವಾಗಿದ್ದು, ಮೈಯಲ್ಲಿ ಶಕ್ತಿ ಚೆನ್ನಾಗಿದ್ದರೆ ಮೊದಲ ಗುಂಪು ಸಾಕು. ಅಮೆರಿಕದ ಸೋಂಕುರೋಗ ತಜ್ಞರ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಸೌಮ್ಯ ರೋಗಕ್ಕೆ ಮೊದಲು ಕ್ಲೋಟ್ರಿಮಜೋಲ್ ಚೀಪುವ ಮಾತ್ರೆ ಅಥವಾ ಅಂಟಿಸುವ ಮೈಕೊನಜೋಲ್ ಮಾತ್ರೆ, ಅವು ಆಗದಿದ್ದರೆ ನಿಸ್ಟಾಟಿನ್. ಮಧ್ಯಮ ಅಥವಾ ತೀವ್ರ ರೋಗಕ್ಕೆ ಫ್ಲುಕೊನಜೋಲ್. ಎಲ್ಲದಕ್ಕೂ ಅವಧಿ 7ರಿಂದ 14 ದಿನ.

ಒಂದು ಲಕ್ಷಣ ಮಾತ್ರ ಈ ತೂಗುವಿಕೆಯನ್ನೇ ನಿಲ್ಲಿಸಿಬಿಡುತ್ತದೆ. ನುಂಗುವಾಗ ಎದೆಯ ಹಿಂದೆ ನೋವು ಬಂದರೆ, ಊಟ ಸಿಕ್ಕಿಹಾಕಿಕೊಂಡ ಹಾಗಾದರೆ, ಫಂಗಸ್ ಅನ್ನನಾಳಕ್ಕೆ ಇಳಿದಿರಬಹುದು. ಅಲ್ಲಿಗೆ ಹನಿಯೂ ಜೆಲ್ಲೂ ಸಾಲುವುದಿಲ್ಲ. ನುಂಗುವ ಔಷಧವೇ ಬೇಕು. ಫ್ಲುಕೊನಜೋಲ್ ಅನ್ನು ದಿನಕ್ಕೆ 200ರಿಂದ 400 ಮಿಲಿಗ್ರಾಂ, 14ರಿಂದ 21 ದಿನ ಕೊಡುತ್ತಾರೆ. ನುಂಗಲೂ ಆಗದ ಸ್ಥಿತಿಯಲ್ಲಿ ರಕ್ತನಾಳದ ಮೂಲಕ.

ಬಾಯಲ್ಲೇ ಉಳಿಯುವ ಔಷಧಗಳಲ್ಲಿ ಯಾವುದು?

ನಿಸ್ಟಾಟಿನ್ ಹಳೆಯದು, ಸುರಕ್ಷಿತವಾದದ್ದು. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಇದನ್ನು ಕಂಡುಹಿಡಿದರು. ಅವರು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದರು, ಹೆಸರೂ 'ನ್ಯೂಯಾರ್ಕ್ ಸ್ಟೇಟ್' ಎಂಬುದರಿಂದಲೇ ಬಂತು. ಇದು ಫಂಗಸ್‌ನ ಹೊರಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಅಂಟಿಕೊಂಡು ತೂತು ಮಾಡುತ್ತದೆ. ನುಂಗಿದರೂ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ ಎನ್ನಬಹುದು. ಇದೇ ಇದರ ದೊಡ್ಡ ಗುಣ. ಹತ್ತು ತರಹದ ಮಾತ್ರೆ ನುಂಗುವ ವಯಸ್ಸಾದವರಿಗೆ, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಇದನ್ನು ನಿರಾಳವಾಗಿ ಕೊಡಬಹುದು.

ಆದರೆ ಇದರ ಕೊರತೆಯೂ ಅಷ್ಟೇ ದೊಡ್ಡದು. ಹನಿ ಬಾಯಲ್ಲಿ ನಿಲ್ಲುವುದಿಲ್ಲ, ಜೊಲ್ಲಿನ ಜೊತೆ ಹೊಟ್ಟೆಗೆ ಜಾರಿಬಿಡುತ್ತದೆ. ಅದಕ್ಕೇ ದಿನಕ್ಕೆ ನಾಲ್ಕು ಸಲ ಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಪ್ರತಿ ಸಲ 4ರಿಂದ 6 ಮಿಲಿ, ಒಂದು ಮಿಲಿಯಲ್ಲಿ 1 ಲಕ್ಷ ಯೂನಿಟ್. ಬಾಯಿಗೆ ಹಾಕಿ ತಕ್ಷಣ ನುಂಗಿದರೆ ಔಷಧ ದಂಡ. ಕನಿಷ್ಠ ಒಂದೆರಡು ನಿಮಿಷ ಬಾಯಿ ತುಂಬಾ ಆಡಿಸಬೇಕು, ಆಮೇಲೆ ನುಂಗಬೇಕು, ಮುಂದಿನ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. "ನಿಸ್ಟಾಟಿನ್ ಕೆಲಸ ಮಾಡಲಿಲ್ಲ" ಅನ್ನುವವರನ್ನು ಹೇಗೆ ತೆಗೆದುಕೊಂಡಿರಿ ಎಂದು ಕೇಳಿ ನೋಡಿ. ಇಷ್ಟೆಲ್ಲ ಪಾಲಿಸಿದವರು ಕಡಿಮೆ, ಅಲ್ವಾ? ರುಚಿಯೂ ಅಷ್ಟಕ್ಕಷ್ಟೇ. ಆ ರುಚಿ ಮುಚ್ಚಲು ಹಲವು ಬ್ರ್ಯಾಂಡ್‌ಗಳಲ್ಲಿ ಸಕ್ಕರೆ ಸೇರಿಸಿರುತ್ತಾರೆ. ಬಾಯಿ ಒಣಗಿರುವವರು ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಹುಳುಕಾಗುವ ಅಪಾಯ ಇದೆ.

ಮೈಕೊನಜೋಲ್ ಜೆಲ್ ಈ ಕೊರತೆಯನ್ನು ನೇರವಾಗಿ ತುಂಬುತ್ತದೆ. ಅಂಟಂಟಾಗಿರುವ ಕಾರಣ ಕಾಯಿಲೆ ಇರುವ ಜಾಗದಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತದೆ. ಶಿಶುಗಳ ಮೇಲೆ ನಡೆದ ಹೋಲಿಕೆಯಲ್ಲಿ ನಿಸ್ಟಾಟಿನ್‌ಗಿಂತ ಬೇಗ, ಹೆಚ್ಚು ಮಕ್ಕಳಲ್ಲಿ ವಾಸಿಯಾಗಿದ್ದು ಇದರಿಂದಲೇ. ಕಟವಾಯಿಗೂ ಇದು ಒಳ್ಳೆಯದು. ಅಲ್ಲಿ ಕ್ಯಾಂಡಿಡಾ ಜೊತೆ ಸ್ಟ್ಯಾಫ್ ಬ್ಯಾಕ್ಟೀರಿಯಾ ಕೂಡ ಸೇರಿಕೊಂಡಿರುವುದು ಮಾಮೂಲಿ, ಮೈಕೊನಜೋಲ್‌ಗೆ ಆ ಬ್ಯಾಕ್ಟೀರಿಯಾದ ಮೇಲೂ ಸ್ವಲ್ಪ ಹಿಡಿತ ಇದೆ. ಊಟದ ನಂತರ ಹಚ್ಚಿ, ಆದಷ್ಟು ಹೊತ್ತು ನುಂಗದೆ ಇಟ್ಟುಕೊಳ್ಳಬೇಕು. ಗುಣವಾದ ಹಾಗೆ ಕಂಡ ಮೇಲೂ ಒಂದು ವಾರ ಮುಂದುವರಿಸಬೇಕು.

ಇಷ್ಟು ಹೊಗಳಿದ ಮೇಲೆ ಇದರ ಎರಡು ಅಪಾಯಗಳನ್ನು ಒತ್ತಿ ಹೇಳದಿದ್ದರೆ ತಪ್ಪಾಗುತ್ತದೆ. ಮೊದಲನೆಯದು ವಾರ್ಫರಿನ್. "ಸುಮ್ನೆ ಬಾಯಿಗೆ ಹಚ್ಚುವ ಜೆಲ್ ತಾನೇ" ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಈ ಜೆಲ್ ನುಂಗಿದಷ್ಟೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ, ಯಕೃತ್ತು ವಾರ್ಫರಿನ್ ಒಡೆಯುವುದನ್ನು ತಡೆಯುತ್ತದೆ. ರಕ್ತ ವಿಪರೀತ ತೆಳುವಾಗಿ ಒಳಗೆ ರಕ್ತಸ್ರಾವ ಆದ ಪ್ರಕರಣಗಳು ದಾಖಲಾಗಿವೆ. ವಾರ್ಫರಿನ್ ಇರುವವರು ಈ ಜೆಲ್ ಮುಟ್ಟಬಾರದು. ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರೂ ಮೊದಲು ವೈದ್ಯರಿಗೆ ಹೇಳಬೇಕು. ಎರಡನೆಯದು ಎಳೆ ಕಂದಮ್ಮಗಳು. ನಾಲ್ಕು ತಿಂಗಳು ತುಂಬದ ಮಗುವಿಗೆ ಈ ಅಂಟು ಜೆಲ್ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಇನ್ನೂ ಹೆಚ್ಚು ದಿನ ಕಾಯಬೇಕು. ವಯಸ್ಸು ತುಂಬಿದ ಮಗುವಿಗೂ ಒಂದೇ ಸಲ ಚಮಚದಿಂದ ಸುರಿಯದೆ, ಬೆರಳ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಯ ಮುಂಭಾಗಕ್ಕೆ ಹಚ್ಚಬೇಕು.

ಕ್ಲೋಟ್ರಿಮಜೋಲ್ ಚೀಪುವ ಮಾತ್ರೆ 10 ಮಿಲಿಗ್ರಾಂದು. ಬಾಯಲ್ಲಿ ನಿಧಾನವಾಗಿ ಕರಗಲು ಬಿಡಬೇಕು, ಅಗಿಯಬಾರದು. ಹತ್ತಿಪ್ಪತ್ತು ನಿಮಿಷ ಕರಗುತ್ತಾ ಇರುವುದರಿಂದ ಔಷಧಕ್ಕೆ ಒಳ್ಳೆಯ ಸಮಯ ಸಿಗುತ್ತದೆ. ತೊಡಕು ಎಂದರೆ ದಿನಕ್ಕೆ ಐದು ಸಲ. ಎರಡು ವಾರ, ದಿನಕ್ಕೆ ಐದು ಸಲ ನೆನಪಿಟ್ಟುಕೊಳ್ಳುವುದು ಕೆಲಸಕ್ಕೆ ಹೋಗುವವರಿಗೆ ಸುಲಭವಲ್ಲ. ಬಾಯಿ ತೀರಾ ಒಣಗಿದ್ದರೆ ಮಾತ್ರೆ ಕರಗುವುದೇ ಇಲ್ಲ, ಒಸಡಿಗೆ ಉಜ್ಜಿ ನೋಯಿಸುತ್ತದೆ. ರೇಡಿಯೇಷನ್ ಆದವರಿಗೆ ಅದಕ್ಕೇ ಇದು ಹೊಂದುವುದಿಲ್ಲ. ಅಂಗಾಂಗ ಕಸಿ ಆಗಿ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರಲ್ಲಿ ಆ ಔಷಧದ ಮಟ್ಟವನ್ನು ಇದು ಏರಿಸಬಲ್ಲದು. ಇದೇ ಔಷಧ ಕೆಲವು ಕಡೆ ಬಾಯಿಗೆ ಹಚ್ಚುವ ದ್ರವವಾಗಿಯೂ ಸಿಗುತ್ತದೆ. ಒಂದೆರಡು ಕಡೆ ಮಾತ್ರ ಚುಕ್ಕೆ ಇದ್ದರೆ ಅದು ಅನುಕೂಲ. ಆದರೆ ಚರ್ಮಕ್ಕೆ ಹಚ್ಚುವ ಕ್ಲೋಟ್ರಿಮಜೋಲ್ ಲೋಷನ್ ಬೇರೆ, ಅದನ್ನು ಬಾಯಿಗೆ ಹಾಕಬಾರದು.

ಅಂಟಿಸುವ ಮೈಕೊನಜೋಲ್ ಮಾತ್ರೆ 50 ಮಿಲಿಗ್ರಾಂದು. ಇದನ್ನು ಬೆಳಗ್ಗೆ ಒಮ್ಮೆ, ಮೇಲಿನ ಕೋರೆಹಲ್ಲಿನ ಮೇಲ್ಭಾಗದ ಒಸಡಿಗೆ ಅಂಟಿಸಿ, ತುಟಿಯ ಹೊರಗಿನಿಂದ ಅರ್ಧ ನಿಮಿಷ ಒತ್ತಿ ಹಿಡಿದರೆ ಆಯಿತು. ದಿನವಿಡೀ ಸ್ವಲ್ಪ ಸ್ವಲ್ಪವೇ ಔಷಧ ಬಿಡುತ್ತಿರುತ್ತದೆ. ಮರುದಿನ ಇನ್ನೊಂದು ಬದಿ. ಎಚ್‌ಐವಿ ಇರುವವರ ಮೇಲೆ ನಡೆದ ದೊಡ್ಡ ಹೋಲಿಕೆಯಲ್ಲಿ ದಿನಕ್ಕೆ ಒಂದು ಸಲದ ಈ ಮಾತ್ರೆ, ದಿನಕ್ಕೆ ಐದು ಸಲದ ಕ್ಲೋಟ್ರಿಮಜೋಲ್‌ಗೆ ಸಮನಾಗಿ ಕೆಲಸ ಮಾಡಿತು. ಎರಡರಲ್ಲೂ ಹತ್ತರಲ್ಲಿ ಆರು ಜನರಿಗೆ ಪೂರ್ತಿ ವಾಸಿಯಾಯಿತು. ನನಗೆ ಈ ಫಲಿತಾಂಶ ತುಂಬಾ ಮುಖ್ಯ ಅನ್ನಿಸುತ್ತದೆ. ಗುಣ ಒಂದೇ ಆಗಿರುವಾಗ ಮರೆಯದೆ ಬಳಸಬಹುದಾದದ್ದೇ ಉತ್ತಮ ಔಷಧ. ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಇದು ಬೇಡ, ಮಾತ್ರೆಯಲ್ಲಿ ಅದು ಇರುತ್ತದೆ. ವಾರ್ಫರಿನ್ ವಿಚಾರದಲ್ಲಿ ಇಲ್ಲೂ ಎಚ್ಚರಿಕೆ ಬೇಕು. ಎಲ್ಲ ಕಡೆ ಸಿಗುವುದಿಲ್ಲ ಎನ್ನುವುದೇ ಇದರ ದೊಡ್ಡ ಸಮಸ್ಯೆ.

ಫ್ಲುಕೊನಜೋಲ್: ಸುಲಭ, ಆದರೆ ಹಗುರ ಅಲ್ಲ

ಫ್ಲುಕೊನಜೋಲ್ ಬಂದ ಮೇಲೆ ಈ ಕಾಯಿಲೆಯ ಚಿಕಿತ್ಸೆಯೇ ಬದಲಾಯಿತು. ನುಂಗಿದ ಔಷಧದಲ್ಲಿ 90 ಶೇಕಡಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ. ಊಟದ ಮುಂಚೆಯೋ ಆಮೇಲೆಯೋ ಎಂಬ ಲೆಕ್ಕವಿಲ್ಲ. ಜೊಲ್ಲಿನಲ್ಲೂ ಚೆನ್ನಾಗಿ ಬರುತ್ತದೆ. ಅರ್ಧದಷ್ಟು ಔಷಧ ದೇಹದಿಂದ ಹೊರಹೋಗಲು ಸುಮಾರು 30 ಗಂಟೆ ಬೇಕು, ಅದಕ್ಕೇ ದಿನಕ್ಕೆ ಒಂದೇ ಮಾತ್ರೆ. ದೊಡ್ಡವರಿಗೆ ದಿನಕ್ಕೆ 100ರಿಂದ 200 ಮಿಲಿಗ್ರಾಂ. ಟಾಂಜಾನಿಯಾದಲ್ಲಿ ಎಚ್‌ಐವಿ ಇರುವವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 750 ಮಿಲಿಗ್ರಾಂನ ಒಂದೇ ಡೋಸ್ 14 ದಿನದ ಕೋರ್ಸ್‌ನಷ್ಟೇ ಕೆಲಸ ಮಾಡಿತು. ಇದು ವೈದ್ಯರ ನಿಗಾದಲ್ಲಿ ಮಾತ್ರ ನಡೆಯುವ ಮಾತು, ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ತೆಗೆದುಕೊಳ್ಳಬಾರದು? ಮೂರು ಕಾರಣ. ಒಂದು, ಬೇರೆ ಔಷಧಗಳ ಜೊತೆ ಇದರ ಜಗಳ. ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಗ್ಲಿಪಿಜೈಡ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಗಳು, ಕೆಲವು ಸ್ಟಾಟಿನ್‌ಗಳು, ಹೃದಯದ ಬಡಿತದ ಲಯದ ಮೇಲೆ ಪರಿಣಾಮ ಬೀರುವ ಔಷಧಗಳು. ಸಕ್ಕರೆ ಕಾಯಿಲೆಯವರಲ್ಲೇ ಬಾಯಿಯ ಫಂಗಸ್ ಜಾಸ್ತಿ. ಅವರೇ ಆ ಮಾತ್ರೆಗಳನ್ನೂ ನುಂಗುತ್ತಿರುತ್ತಾರೆ. ಫ್ಲುಕೊನಜೋಲ್ ಸೇರಿದರೆ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯಬಹುದು. ಎರಡು, ಗರ್ಭಿಣಿಯರಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಇದನ್ನು ಆದಷ್ಟು ದೂರ ಇಡುತ್ತಾರೆ. ಯಕೃತ್ತಿನ ಕಾಯಿಲೆ ಇದ್ದವರಿಗೆ ನಿಗಾ ಬೇಕು, ಕಿಡ್ನಿ ಸೊರಗಿದವರಿಗೆ ಡೋಸ್ ಇಳಿಸಬೇಕು. ಮೂರು, ಪದೇ ಪದೇ ಅರೆಬರೆಯಾಗಿ ಬಳಸಿದರೆ ಔಷಧಕ್ಕೆ ಬಗ್ಗದ ಫಂಗಸ್ ಉಳಿದುಕೊಳ್ಳುತ್ತದೆ. ಕ್ಯಾಂಡಿಡಾ ಕ್ರೂಸೈಗೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ಕ್ಯಾಂಡಿಡಾ ಗ್ಲಾಬ್ರಾಟಾಗೆ ಅರ್ಧಂಬರ್ಧ.

ಆದರೂ ಹಿಂಜರಿಕೆಯೇ ತಪ್ಪಾಗುವ ಸಂದರ್ಭಗಳಿವೆ. ಕೀಮೋಥೆರಪಿಯಲ್ಲಿ ಇರುವವರು, ಎಚ್‌ಐವಿಯಿಂದ ರೋಗ ನಿರೋಧಕ ಶಕ್ತಿ ಕುಸಿದವರು, ಬಾಯಿ ತುಂಬಾ ಹಬ್ಬಿ ಊಟವೇ ಬಿಟ್ಟವರು. ಇವರಿಗೆ ನಿಸ್ಟಾಟಿನ್ ಹನಿ ಕೊಟ್ಟು ಕಾಯುವುದರಲ್ಲಿ ಅರ್ಥವಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಕೊಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ ವಿಮರ್ಶೆಯಲ್ಲಿ, ಬಾಯಿಯ ಫಂಗಸ್ ಬಾರದಂತೆ ತಡೆಯಲು ಕರುಳಿನಿಂದ ರಕ್ತಕ್ಕೆ ಸೇರುವ ಔಷಧಗಳೇ ನೆರವಾದವು, ರಕ್ತಕ್ಕೆ ಸೇರದವು ಅಷ್ಟು ನೆರವಾಗಲಿಲ್ಲ. ಎಚ್‌ಐವಿ ಇರುವವರಲ್ಲಿ ಮಾತ್ರ ಒಂದು ಮಾತು ಸೇರಿಸಬೇಕು. ಫಂಗಸ್ ಔಷಧಕ್ಕಿಂತ ದೊಡ್ಡ ಚಿಕಿತ್ಸೆ ಅಂದರೆ ಎಚ್‌ಐವಿ ಔಷಧವೇ. ಅದು ಸರಿಯಾಗಿ ನಡೆದರೆ ಥ್ರಷ್ ಮರುಕಳಿಸುವುದು ತಾನಾಗಿ ಕಡಿಮೆಯಾಗುತ್ತದೆ. ಯಾವ ಕಾರಣವೂ ಕಾಣದ ದೊಡ್ಡವರೊಬ್ಬರಿಗೆ ಇದ್ದಕ್ಕಿದ್ದಂತೆ ಥ್ರಷ್ ಬಂದರೆ ಸಕ್ಕರೆ ಮತ್ತು ಎಚ್‌ಐವಿ ಎರಡನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮುಜುಗರ ಪಟ್ಟು ಬಿಡಬೇಡಿ.

ಯಾರಿಗೆ ಏನು?

ಕೈಗೂಸಿಗೆ ಥ್ರಷ್ ಆಗಿದ್ದರೆ ಮೊದಲು ಒಂದು ಪರೀಕ್ಷೆ. ನಾಲಿಗೆ ಮೇಲೆ ಮಾತ್ರ ತೆಳುವಾದ ಬಿಳುಪಿದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋದರೆ ಅದು ಹಾಲಿನ ಉಳಿಕೆ. ಕೆನ್ನೆ, ತುಟಿಯ ಒಳಗೂ ಇದ್ದರೆ ಥ್ರಷ್. ನಾಲ್ಕು ತಿಂಗಳಿಗಿಂತ ಚಿಕ್ಕ ಮಗುವಿಗೆ ನಿಸ್ಟಾಟಿನ್, ದೊಡ್ಡದಾದರೆ ಮೈಕೊನಜೋಲ್ ಜೆಲ್‌ಗೆ ನನ್ನ ಒಲವು. ನಿಸ್ಟಾಟಿನ್ ಹನಿಯನ್ನು ಹಾಲು ಕುಡಿದ ಮೇಲೆ, ಅರ್ಧ ಒಂದು ಕೆನ್ನೆಗೆ, ಅರ್ಧ ಇನ್ನೊಂದು ಕೆನ್ನೆಗೆ ಹಾಕಬೇಕು. ಎದೆಹಾಲು ಕುಡಿಸುವ ತಾಯಿಗೆ ಮೊಲೆತೊಟ್ಟು ಕೆಂಪಾಗಿ, ಚುಚ್ಚಿದ ಹಾಗೆ ನೋವಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಒಬ್ಬರಿಗೆ ಮಾತ್ರ ಮಾಡಿದರೆ ಅದು ಅವರಿಂದ ಇವರಿಗೆ ಓಡಾಡುತ್ತಲೇ ಇರುತ್ತದೆ. ಹಾಲುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಬಾಟಲಿಯ ನಿಪ್ಪಲ್, ಚೀಪುವ ರಬ್ಬರ್ ಎಲ್ಲವನ್ನೂ ದಿನಾ ಕುದಿಸಬೇಕು. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಜೇನು ಹಚ್ಚಬೇಡಿ. ಅದರಿಂದ ಬೊಟುಲಿಸಂ ಎಂಬ, ಜೀವಕ್ಕೇ ಅಪಾಯ ತರುವ ಕಾಯಿಲೆ ಬರಬಹುದು.

ಹಲ್ಲಿನ ಸೆಟ್ ಇರುವವರ ಕತೆ ಬೇರೆ. ಇಲ್ಲಿ ಫಂಗಸ್‌ನ ಮನೆ ಬಾಯಿ ಅಲ್ಲ, ಸೆಟ್. ಸೆಟ್ ಮಾಡುವ ಅಕ್ರಿಲಿಕ್ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ರಂಧ್ರಗಳಲ್ಲಿ ಅದು ಪದರ ಕಟ್ಟಿಕೊಂಡು ಕೂತಿರುತ್ತದೆ. ನೀವು ಎರಡು ವಾರ ಫ್ಲುಕೊನಜೋಲ್ ನುಂಗಿ ಅಂಗುಳವನ್ನು ಸ್ವಚ್ಛ ಮಾಡಿ, ಅದೇ ಸೆಟ್ಟನ್ನು ಮತ್ತೆ ಹಾಕಿಕೊಂಡರೆ ಏನಾಯಿತು ಪ್ರಯೋಜನ? ಇವರಲ್ಲಿ ಔಷಧದ ಆಯ್ಕೆಗಿಂತ ಸೆಟ್ ನೋಡಿಕೊಳ್ಳುವ ರೀತಿಯೇ ದೊಡ್ಡ ಚಿಕಿತ್ಸೆ. ರಾತ್ರಿ ಸೆಟ್ ತೆಗೆದಿಡಬೇಕು. ಇದಕ್ಕೆ ವಿನಾಯಿತಿ ಇಲ್ಲ. ಬ್ರಷ್‌ನಿಂದ ಎಲ್ಲ ಮೇಲ್ಮೈ ಉಜ್ಜಬೇಕು, ಮುಖ್ಯವಾಗಿ ಅಂಗುಳಿಗೆ ತಾಗುವ ಒಳಭಾಗ. ನಂತರ ಸೋಂಕು ನಾಶಕ ದ್ರಾವಣದಲ್ಲಿ ನೆನೆಸಬೇಕು. ಪೂರ್ತಿ ಅಕ್ರಿಲಿಕ್ ಸೆಟ್ ಆದರೆ ತೆಳುವಾದ ಹೈಪೋಕ್ಲೋರೈಟ್ (ಬ್ಲೀಚ್) ನಡೆಯುತ್ತದೆ, ಲೋಹದ ಕ್ಲಿಪ್ ಇದ್ದರೆ ಅದು ಲೋಹವನ್ನು ತಿನ್ನುತ್ತದೆ, ಆಗ ಕ್ಲೋರ್‌ಹೆಕ್ಸಿಡಿನ್ ಬಳಸಬಹುದು. ಆಮೇಲೆ ಚೆನ್ನಾಗಿ ತೊಳೆಯಬೇಕು. ವಾರ್ಫರಿನ್ ತೊಂದರೆ ಇಲ್ಲದವರು ಮೈಕೊನಜೋಲ್ ಜೆಲ್ಲನ್ನು ಸೆಟ್‌ನ ಒಳಭಾಗಕ್ಕೇ ತೆಳುವಾಗಿ ಸವರಿ ಹಾಕಿಕೊಳ್ಳಬಹುದು. ಅದರಿಂದ ಔಷಧ ಅಂಗುಳಿಗೆ ಒತ್ತಿಕೊಂಡೇ ಇರುತ್ತದೆ. ಸೆಟ್ ಹಳೆಯದಾಗಿ ಸಡಿಲವಾಗಿದ್ದರೆ ಹೊಸದು ಮಾಡಿಸದೆ ದಾರಿ ಇಲ್ಲ. ಸವೆದ ಸೆಟ್‌ನಿಂದ ಬಾಯಿ ಜಾಸ್ತಿ ಮುಚ್ಚಿ, ತುಟಿಯ ಮೂಲೆಯಲ್ಲಿ ಮಡಿಕೆ ಬಿದ್ದು, ಜೊಲ್ಲು ನಿಂತು ಕಟವಾಯಿ ಒಡೆಯುವುದೂ ಇದೇ ಕತೆಯ ಭಾಗ. ಕಟವಾಯಿ ಪದೇ ಪದೇ ಒಡೆಯುತ್ತಿದ್ದರೆ ರಕ್ತದಲ್ಲಿ ಕಬ್ಬಿಣ, ಬಿ12, ಫೋಲೇಟ್ ಎಷ್ಟಿದೆ ಎಂದೂ ನೋಡಿಸಬೇಕು.

ಇನ್‌ಹೇಲರ್ ಬಳಸುವವರು ಫಂಗಸ್ ಬಂತು ಅಂತ ಇನ್‌ಹೇಲರ್ ನಿಲ್ಲಿಸಬಾರದು. ಆಸ್ತಮಾ ಕೆರಳುವುದು ಥ್ರಷ್‌ಗಿಂತ ಎಷ್ಟೋ ಅಪಾಯ. ಇನ್‌ಹೇಲರ್‌ಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಹಾಕಿಕೊಳ್ಳಿ, ಪ್ರತಿ ಸಲ ಬಳಸಿದ ಮೇಲೆ ಬಾಯಿ, ಗಂಟಲು ಮುಕ್ಕಳಿಸಿ ಉಗುಳಿ. ಚಿಕಿತ್ಸೆಗೆ ಬಾಯಲ್ಲಿ ಉಳಿಯುವ ಯಾವ ಔಷಧವಾದರೂ ಆಗುತ್ತದೆ.

ಆಯ್ಕೆ ಅನ್ನಿಸಿಕೊಂಡರೂ ಆಯ್ಕೆ ಅಲ್ಲದವು

ಬಾಯಿ ಹುಣ್ಣಿಗೆ ಹಚ್ಚುವ ಸ್ಟೀರಾಯ್ಡ್ ಪೇಸ್ಟ್‌ಗಳನ್ನು ಬಿಳಿ ಪದರಕ್ಕೆ ಹಚ್ಚಿಕೊಳ್ಳುವವರಿದ್ದಾರೆ. ಉರಿ ಒಂದೆರಡು ದಿನ ತಗ್ಗುತ್ತದೆ, ಫಂಗಸ್ ಮಾತ್ರ ಕೊಬ್ಬುತ್ತದೆ. ಉಳಿದಿದ್ದ ಆಂಟಿಬಯಾಟಿಕ್ ನುಂಗುವುದು ಇನ್ನೂ ಕೆಟ್ಟದ್ದು, ಫಂಗಸ್ಸನ್ನು ಹಿಡಿದಿಟ್ಟಿದ್ದ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲುತ್ತದೆ. ನೇರಳೆ ಬಣ್ಣದ ಜೆನ್ಷಿಯನ್ ವಯಲೆಟ್ ಒಂದು ಕಾಲದಲ್ಲಿ ತುಂಬಾ ಬಳಕೆಯಲ್ಲಿತ್ತು. ಫಂಗಸ್ ಮೇಲೆ ಅದು ಕೆಲಸ ಮಾಡುವುದು ನಿಜ. ಆದರೆ ದ್ರಾವಣ ಗಟ್ಟಿಯಾದರೆ ಬಾಯಲ್ಲಿ ಹುಣ್ಣಾಗುತ್ತದೆ, ಮತ್ತು ಕ್ಯಾನ್ಸರ್ ಅಪಾಯದ ಸಾಧ್ಯತೆ ಇದೆ ಎಂದು ಕೆನಡಾದ ಆರೋಗ್ಯ ಇಲಾಖೆ 2019ರಲ್ಲಿ ಎಚ್ಚರಿಸಿದೆ. ಬೇರೆ ಔಷಧ ಸಿಗುವಾಗ ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ. ಎಣ್ಣೆ ಮುಕ್ಕಳಿಸುವುದು, ಸೋಡಾ ನೀರು, ಪ್ರೋಬಯಾಟಿಕ್ ಇವೆಲ್ಲ ಬಾಯಿಗೆ ಸ್ವಲ್ಪ ಹಿತ ಕೊಡಬಹುದು, ಔಷಧದ ಜಾಗಕ್ಕೆ ಬರುವುದಿಲ್ಲ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ಗೆ ಫಂಗಸ್ ತಡೆಯುವ ಗುಣ ಇದೆ, ಜೊತೆಗಾರನಾಗಿ ಒಳ್ಳೆಯದು. ಆದರೆ ನಿಸ್ಟಾಟಿನ್ ಜೊತೆ ಸೇರಿದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಎರಡೂ ಕೆಲಸ ಕಳೆದುಕೊಳ್ಳುತ್ತವೆ. ನಡುವೆ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಒಂದೇ ಚೀಟಿಯಲ್ಲಿ ಎರಡನ್ನೂ ಬರೆದಿರುವುದು ಅಪರೂಪವಲ್ಲ, ಹಾಗಾಗಿ ಇದನ್ನು ನೀವೇ ನೆನಪಿಟ್ಟುಕೊಳ್ಳಬೇಕು. ಕ್ಲೋರ್‌ಹೆಕ್ಸಿಡಿನ್ ಹೆಚ್ಚು ದಿನ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ.

ವಾರ ಕಳೆದರೂ ಇಳಿಯದಿದ್ದರೆ

ಸರಿಯಾಗಿ ಬಳಸಿದ ಔಷಧಕ್ಕೆ ಒಂದು ವಾರದಲ್ಲಿ ಎದ್ದು ಕಾಣುವಂಥ ಫಲ ಬರಬೇಕು. ಬರದಿದ್ದರೆ ಡೋಸ್ ಏರಿಸುವ ಮೊದಲು ಬಳಸಿದ ರೀತಿ, ಸೆಟ್, ಇನ್‌ಹೇಲರ್, ಸಕ್ಕರೆ ಎಲ್ಲವನ್ನೂ ಮತ್ತೆ ನೋಡಬೇಕು. ಎಲ್ಲ ಸರಿ ಇದ್ದೂ ಇಳಿಯದಿದ್ದರೆ ಬಾಯಿಯ ಸ್ವಾಬ್ ತೆಗೆದು ಕಲ್ಚರ್‌ಗೆ ಕಳಿಸಬೇಕು. ಯಾವ ಜಾತಿಯ ಕ್ಯಾಂಡಿಡಾ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಫ್ಲುಕೊನಜೋಲ್‌ಗೆ ಬಗ್ಗದಿದ್ದರೆ ಇಟ್ರಾಕೊನಜೋಲ್ ದ್ರಾವಣ ಅಥವಾ ಪೊಸಕೊನಜೋಲ್ ಅನ್ನು 28 ದಿನದವರೆಗೂ ಕೊಡುತ್ತಾರೆ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮತ್ತು ದ್ರಾವಣ ಒಂದೇ ಅಲ್ಲ ಎಂಬುದನ್ನು ಗಮನಿಸಿ. ಕ್ಯಾಪ್ಸೂಲ್ ಅನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಆಸಿಡಿಟಿ ಮಾತ್ರೆ ಅದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ದ್ರಾವಣವನ್ನು ಖಾಲಿ ಹೊಟ್ಟೆಯಲ್ಲಿ, ಬಾಯಲ್ಲಿ ಆಡಿಸಿ ನುಂಗಬೇಕು. ಬಾಯಿಯ ಫಂಗಸ್‌ಗೆ ದ್ರಾವಣವೇ ಮೇಲು. ಹಾರ್ಟ್ ಫೇಲ್ಯೂರ್ ಇರುವವರಿಗೆ ಇಟ್ರಾಕೊನಜೋಲ್ ಅಪಾಯಕಾರಿ, ಅವರು ವೈದ್ಯರಿಗೆ ಮೊದಲೇ ಹೇಳಬೇಕು. ಇವೂ ಸೋತರೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ಕ್ಯಾಸ್ಪೊಫಂಗಿನ್ ಗುಂಪಿನ ಔಷಧಗಳಿವೆ. ಅವು ಫಂಗಸ್‌ನ ಹೊರಗೋಡೆ ಕಟ್ಟುವುದನ್ನೇ ನಿಲ್ಲಿಸುತ್ತವೆ, ಹಾಗಾಗಿ ಫ್ಲುಕೊನಜೋಲ್‌ನಂಥ ಅಜೋಲ್ ಗುಂಪಿನ ಔಷಧಗಳಿಗೆ ಬಗ್ಗದ ಜಾತಿಗಳ ಮೇಲೂ ಹೆಚ್ಚಾಗಿ ನಾಟುತ್ತವೆ.